ಸೈಟೇಶನ್ ಲೆಕ್ಕ: ಮೊದಲು ಹೆಸರು ಸರಿಯಾಗಬೇಕು

ಬೆಂಗಳೂರಿನ ಒಂದು ಕಾಲೇಜಿನಲ್ಲಿ ನಾನು ಲೈಬ್ರೇರಿಯನ್. ನಮ್ಮ ಮೇಷ್ಟ್ರುಗಳ ಲೇಖನಗಳನ್ನು ಬೇರೆಯವರು ಎಷ್ಟು ಸಲ ಉಲ್ಲೇಖಿಸಿದ್ದಾರೆ (ಅದೇ ಸೈಟೇಶನ್) ಎಂದು ಲೆಕ್ಕ ತೆಗೆಯುವುದು ನನ್ನ ಪಾಲಿನ ಕೆಲಸ.

ನಮ್ಮ ಕಡೆ ದೊಡ್ಡ ತಲೆನೋವು ಇನಿಶಿಯಲ್. ಒಂದು ಅಕ್ಷರ ಊರಿನದು, ಇನ್ನೊಂದು ಅಪ್ಪನದು. ಎಷ್ಟೋ ಜನಕ್ಕೆ ಸರ್‌ನೇಮೇ ಇಲ್ಲ. ಡೇಟಾಬೇಸಿಗೆ ಅದು ಬೇಕೇ ಬೇಕು. ಹಾಗಾಗಿ ಒಬ್ಬರೇ ಮಂಜುನಾಥ ಮೂರು ಹೆಸರಲ್ಲಿ ಹಂಚಿಹೋಗಿರುತ್ತಾರೆ, ಇಲ್ಲವೇ ಮೂವರು ಮಂಜುನಾಥರು ಒಬ್ಬರೇ ಆಗಿಬಿಟ್ಟಿರುತ್ತಾರೆ. ಅದಕ್ಕೇ ನಾನು ಹೆಸರು ಹಾಕಿ ಹುಡುಕುವುದಿಲ್ಲ. ಅವರಿಂದಲೇ ಲೇಖನಗಳ ಪಟ್ಟಿ ಪಡೆದು, ಒಂದೊಂದರ ಡಿಓಐ ಸಂಖ್ಯೆ (ಲೇಖನಕ್ಕೆ ಕೊಡುವ ಖಾಯಂ ಗುರುತು) ಹಿಡಿದು ನೋಡುತ್ತೇನೆ.

ಉಲ್ಲೇಖಗಳ ಲೆಕ್ಕ ಸಿಗುವ ಸ್ಕೋಪಸ್ ಡೇಟಾಬೇಸ್ ಮತ್ತು ಗೂಗಲ್ ಸ್ಕಾಲರ್, ಇವೆರಡರ ಲೆಕ್ಕಗಳನ್ನು ಬೆರೆಸುವುದಿಲ್ಲ. ಸ್ಕಾಲರ್ ಪಿಎಚ್‌ಡಿ ಪ್ರಬಂಧ, ಪ್ರಿಪ್ರಿಂಟ್ (ಜರ್ನಲ್‌ನಲ್ಲಿ ಬರುವ ಮೊದಲೇ ಹಾಕುವ ಪ್ರತಿ) ಎಲ್ಲವನ್ನೂ ಎಣಿಸುವುದರಿಂದ ಅಲ್ಲಿ ಸಾಮಾನ್ಯವಾಗಿ ಜಾಸ್ತಿ ಬರುತ್ತದೆ. ತಮ್ಮನ್ನು ತಾವೇ ಉಲ್ಲೇಖಿಸಿಕೊಂಡದ್ದನ್ನು ಬೇರೆ ಸಾಲಿನಲ್ಲಿ ತೋರಿಸುತ್ತೇನೆ.

ಎಲ್ಲರೂ ಮೊದಲು ಕೇಳುವುದು ಎಚ್-ಇಂಡೆಕ್ಸ್. ಭೌತವಿಜ್ಞಾನಿ ಹಿರ್ಷ್ 2005ರಲ್ಲಿ ಸೂಚಿಸಿದ ಅಳತೆ ಅದು. ಐದು ಲೇಖನಗಳಿಗೆ 25, 12, 6, 4, 2 ಸೈಟೇಶನ್ ಇದ್ದರೆ ಎಚ್-ಇಂಡೆಕ್ಸ್ 4, ಏಕೆಂದರೆ ಕನಿಷ್ಠ 4 ಸಲ ಉಲ್ಲೇಖವಾದ ಲೇಖನಗಳು 4 ಇವೆ, ಕನಿಷ್ಠ 5 ಸಲದವು 5 ಇಲ್ಲ. ಮೊದಲ ಲೇಖನಕ್ಕೆ 500 ಬಂದರೂ ಅದು 4 ಆಗಿಯೇ ಉಳಿಯುತ್ತದೆ. ಗಣಿತದಲ್ಲಿ ಉಲ್ಲೇಖಗಳು ನಿಧಾನ, ಕಡಿಮೆ. ವೈದ್ಯಕೀಯದಲ್ಲಿ ಬೇಗ, ಹೆಚ್ಚು. ಎರಡು ವಿಭಾಗದವರನ್ನು ಒಂದೇ ಪಟ್ಟಿಯಲ್ಲಿ ಮೇಲೆ ಕೆಳಗೆ ಕೂರಿಸುವುದು ಅನ್ಯಾಯ ಅಲ್ವಾ? ಜರ್ನಲ್‌ನ ಇಂಪ್ಯಾಕ್ಟ್ ಫ್ಯಾಕ್ಟರನ್ನು ಲೇಖನದ ಅಂಕವೆಂದು ಬರೆಯುವುದನ್ನೂ ನಾನು ಒಪ್ಪುವುದಿಲ್ಲ. ಅದು ಹಿಂದಿನ ಎರಡು ವರ್ಷಗಳ ಲೇಖನಗಳಿಗೆ ಈ ವರ್ಷ ಬಂದ ಉಲ್ಲೇಖಗಳ ಸರಾಸರಿ, ಅಷ್ಟೇ.

ಅಮೆರಿಕದ ಮಾಹಿತಿ ವಿಜ್ಞಾನಿ ಯೂಜೀನ್ ಗಾರ್ಫೀಲ್ಡ್ 1955ರಲ್ಲಿ ಸೈಟೇಶನ್ ಇಂಡೆಕ್ಸ್ (ಯಾವ ಲೇಖನವನ್ನು ಯಾರು ಉಲ್ಲೇಖಿಸಿದ್ದಾರೆ ಎಂಬ ಪಟ್ಟಿ) ಬೇಕೆಂದು ಬರೆದಾಗ ಅವರ ಮನಸ್ಸಿನಲ್ಲಿದ್ದದ್ದು ಒಂದು ವಿಚಾರ ಮುಂದೆ ಎಲ್ಲೆಲ್ಲಿ ಹೋಯಿತು ಎಂದು ಹುಡುಕುವುದು. ನನಗೆ ಈ ಕೆಲಸದಲ್ಲಿ ಇಷ್ಟವಾಗುವುದೂ ಅದೇ. ಉಲ್ಲೇಖಿಸಿದ ಲೇಖನ ತೆರೆದು ಆ ವಾಕ್ಯ ಓದುತ್ತೇನೆ. ಸುಮ್ನೆ ಪೀಠಿಕೆಯಲ್ಲಿ ಹೆಸರು ಸೇರಿಸಿದ್ದಾರಾ? ವಿಧಾನವನ್ನು ಬಳಸಿದ್ದಾರಾ? ತಪ್ಪು ಎಂದು ತೋರಿಸಿದ್ದಾರಾ? ಎಣಿಕೆಯಲ್ಲಿ ಮೂರೂ ಒಂದೇ. ನಮ್ಮ ಕೆಮಿಸ್ಟ್ರಿ ಮೇಡಂ ಅವರ ಒಂದು ಲೇಖನಕ್ಕೆ ಉಲ್ಲೇಖ ಕಡಿಮೆ, ಆದರೆ ಬಹುಪಾಲು ಅವರ ವಿಧಾನವನ್ನೇ ಬಳಸಿದವರದು. ವರದಿಯಲ್ಲಿ ಆ ವಾಕ್ಯಗಳನ್ನೂ ಸೇರಿಸಿದೆ.

ಈಗ ಹೊಸದಾಗಿ ಸೇರುವವರಿಗೆಲ್ಲ ಮೊದಲೇ ಹೇಳುತ್ತೇನೆ: ಸಂಶೋಧಕರಿಗೆ ಕೊಡುವ ಖಾಯಂ ಗುರುತಾದ ಓರ್ಕಿಡ್ (ORCID) ಸಂಖ್ಯೆ ಮಾಡಿಸಿಕೊಳ್ಳಿ, ಇನಿಶಿಯಲ್ ಎಲ್ಲಿ ಬರಬೇಕೆಂದು ಒಮ್ಮೆ ತೀರ್ಮಾನಿಸಿ, ಪ್ರತಿ ಲೇಖನದಲ್ಲೂ ಹಾಗೇ ಬರೆಯಿರಿ.