ಯುರೇನಿಯಂ ತೆಗೆದ ಮೇಲೆ ಉಳಿಯುವ ಮಣ್ಣು: ತರಗತಿಯಲ್ಲಿ ಮಾಡಿ ನೋಡಿದ್ದು

ಶಹಾಪುರ ತಾಲೂಕಿನ ಪ್ರೌಢಶಾಲೆಯೊಂದರಲ್ಲಿ ನಾನು ವಿಜ್ಞಾನ ಮಾಸ್ತರ. ನಮ್ಮ ತಾಲೂಕಿನ ಗೋಗಿಯ ನೆಲದಲ್ಲಿ ಯುರೇನಿಯಂ ಇದೆ ಅನ್ನುವುದು ನಮ್ಮ ಮಕ್ಕಳಿಗೆ ಮನೆಯಲ್ಲೇ ಗೊತ್ತು. ಗಣಿ ಬೇಕೋ ಬೇಡವೋ ಅಂತ ಕಟ್ಟೆ ಮೇಲೆ ಮಾತು ನಡೆಯುತ್ತಲೇ ಇರುತ್ತದೆ. ಉಳಿಯುವ ಮಣ್ಣಿನ ಮಾತು ಮಾತ್ರ ಬರುವುದು ಕಡಿಮೆ. ಹಾಗಾಗಿ ಹತ್ತನೇ ತರಗತಿಗೆ ಅಮೆರಿಕದ ಮೋಯಾಬ್ ಕಥೆ ಹೇಳಿ, ಅಲ್ಲಿನ ಸ್ವಚ್ಛತೆ ಕೆಲಸವನ್ನು ಟ್ರೇನಲ್ಲಿ ಕಟ್ಟಿ ತೋರಿಸಿದೆ.

ಮೊದಲು ಲೆಕ್ಕ. ನಮ್ಮ ದೇಶದಲ್ಲಿ ಎಷ್ಟೋ ಕಡೆ ಒಂದು ಟನ್ ಅದಿರಿನಲ್ಲಿ ಒಂದು ಕಿಲೋ ಯುರೇನಿಯಂ ಕೂಡ ಇರುವುದಿಲ್ಲ. ಅಂದರೆ ಹೆಚ್ಚುಕಡಿಮೆ ಪೂರ್ತಿ ಟನ್ ಪುಡಿಯಾಗಿ, ರಾಸಾಯನಿಕದಲ್ಲಿ ನೆಂದು, ಕೆಸರಾಗಿ ಹೊರಗೆ ಬರುತ್ತದೆ. ಇದಕ್ಕೆ ಟೇಲಿಂಗ್ಸ್ ಅಂತಾರೆ. ಅದಿರಿನಲ್ಲಿದ್ದ ವಿಕಿರಣದಲ್ಲಿ ಸುಮಾರು ಶೇ. 85ರಷ್ಟು ಈ ಕೆಸರಿನಲ್ಲೇ ಉಳಿಯುತ್ತದೆ, ಯಾಕೆಂದರೆ ಥೋರಿಯಂ, ರೇಡಿಯಂ ಎರಡೂ ಅಲ್ಲೇ ಇರುತ್ತವೆ. ರೇಡಿಯಂ ಅರ್ಧ ಆಗುವುದಕ್ಕೇ 1600 ವರ್ಷ ಬೇಕು.

ಮೋಯಾಬ್ ಇರುವುದು ಯೂಟಾ ರಾಜ್ಯದಲ್ಲಿ. 1956ರಲ್ಲಿ ಶುರುವಾದ ಅಲ್ಲಿನ ಸಂಸ್ಕರಣಾ ಘಟಕ 1984ರಲ್ಲಿ ನಿಂತಿತು. ಕಂಪನಿ ದಿವಾಳಿಯಾಯಿತು. ಕೊಲರಾಡೋ ನದಿಯ ಪಕ್ಕದಲ್ಲೇ 1.6 ಕೋಟಿ ಟನ್ ಗುಡ್ಡ ಉಳಿಯಿತು. ಅದರ ತಳಕ್ಕೆ ಹಾಸು ಹಾಕಿರಲಿಲ್ಲ. ಅಮೋನಿಯಾ, ಯುರೇನಿಯಂ ಎರಡೂ ಅಂತರ್ಜಲಕ್ಕೆ ಇಳಿದು ನದಿ ಕಡೆ ಹರಿಯತೊಡಗಿದವು. ಕೊನೆಗೆ ಸರ್ಕಾರವೇ ಹೊಣೆ ಹೊತ್ತು, 2009ರಿಂದ ಆ ಮಣ್ಣನ್ನು ಮುಚ್ಚಳ ಇರುವ ಪೆಟ್ಟಿಗೆಗಳಲ್ಲಿ ತುಂಬಿ ರೈಲಿನಲ್ಲಿ ಸುಮಾರು 48 ಕಿಲೋಮೀಟರ್ ದೂರದ ಕ್ರೆಸೆಂಟ್ ಜಂಕ್ಷನ್‌ಗೆ ಸಾಗಿಸಿತು. ಅಲ್ಲಿ ನೆಲದಡಿ ನೂರಾರು ಅಡಿ ದಪ್ಪದ ಜೇಡಿ ಶಿಲೆ ಇದೆ. ನೀರು ಸುಲಭವಾಗಿ ಇಳಿಯುವುದಿಲ್ಲ. ಮೊದಲೇ ಇಂಥ ಜಾಗ ನೋಡಿ ಹಾಕಿದ್ದರೆ ಇಷ್ಟು ರೈಲು ಓಡಿಸಬೇಕಿತ್ತಾ?

ಈಗ ಟ್ರೇ ವಿಷಯ. ತಳಕ್ಕೆ ತೂತು ಮಾಡಿದ ಪ್ಲಾಸ್ಟಿಕ್ ಟ್ರೇಗಳು, ಅದರಲ್ಲಿ ಉಪ್ಪು ಬೆರೆಸಿದ ಮರಳು. ಉಪ್ಪೇ ನಮ್ಮ ‘ಯುರೇನಿಯಂ’. ಮೇಲಿಂದ ನೀರು ಚಿಮುಕಿಸಿ, ಕೆಳಗೆ ತೊಟ್ಟಿಕ್ಕಿದ್ದನ್ನು ಟಿಡಿಎಸ್ ಮೀಟರ್‌ನಲ್ಲಿ (ನೀರಿನಲ್ಲಿ ಒಟ್ಟು ಎಷ್ಟು ಉಪ್ಪು, ಲವಣ ಕರಗಿದೆ ಅಂತ ತೋರಿಸುವ ಸಾಧನ) ಅಳೆದೆವು. ಬರೀ ಮರಳಿದ್ದ ಟ್ರೇಯಲ್ಲಿ ಅಂಕಿ ಸರ್ರನೆ ಏರಿತು. ಇನ್ನೊಂದಕ್ಕೆ ಎರೆಮಣ್ಣು ಕಲಸಿ, ಗಟ್ಟಿಯಾಗಿ ತಟ್ಟಿ ಮುಚ್ಚಿದೆವು. ಮೊದಲ ದಿನ ಹನಿಯೂ ಇಳಿಯಲಿಲ್ಲ. ಮಕ್ಕಳಿಗೆ ಖುಷಿಯೋ ಖುಷಿ.

ನೋಡಲು ಬಂದಿದ್ದ ರೈತರೊಬ್ಬರು ಸುಮ್ನಿರಲಿಲ್ಲ. “ಸರ್, ಎರಿ ಭೂಮಿ ಬ್ಯಾಸಿಗ್ಯಾಗ ಬಾಯಿ ಬಿಡ್ತದ್ರಿ. ಈ ಮುಚ್ಚಳ ಹೆಂಗ ನಿಲ್ತದ?” ಅಂದರು. ಇದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ಎಂಜಿನಿಯರ್ ಕೂಡ ಕೇಳಲಾರ. ಆ ಟ್ರೇಯನ್ನು ಹಾಗೇ ಬಿಸಿಲಿಗೆ ಇಟ್ಟೆವು. ಮಣ್ಣು ಅಂಚು ಬಿಟ್ಟು ಒಳಕ್ಕೆ ಸರಿಯಿತು, ನಡುವೆ ಬೆರಳು ತೂರುವಷ್ಟು ಬಿರುಕು. ನೀರು ಹಾಕಿದರೆ ನೇರ ಕೆಳಗೆ. ಪಕ್ಕದಲ್ಲೇ ಇನ್ನೊಂದು ಟ್ರೇ ಇತ್ತು. ಅದರಲ್ಲಿ ಎರೆಮಣ್ಣಿನ ಮೇಲೆ ಮರಳು, ಅದರ ಮೇಲೆ ಶಹಾಬಾದ್ ಕಲ್ಲಿನ ಚೂರು. ಚೂರು ಸರಿಸಿ ಬೆರಳು ಇಟ್ಟರೆ ಮಣ್ಣು ಇನ್ನೂ ತಣ್ಣಗೆ, ಹಸಿಯಾಗಿ ಇತ್ತು. ಬಿರುಕು ತೀರಾ ಕಡಿಮೆ.

ಅಮೆರಿಕದಲ್ಲಿ ಟೇಲಿಂಗ್ಸ್ ಮೇಲೆ ಹಾಕುವ ಮುಚ್ಚಳಗಳೂ ಹೀಗೇ ಪದರ ಪದರ. ಅದರಲ್ಲಿನ ಜೇಡಿಮಣ್ಣಿಗೆ ಎರಡು ಕೆಲಸ. ಒಂದು, ಮಳೆ ನೀರು ತಡೆಯುವುದು. ಎರಡು, ರೇಡಿಯಂನಿಂದ ಹುಟ್ಟುವ ರೇಡಾನ್ ಅನಿಲವನ್ನು ನಿಧಾನಿಸುವುದು. ರೇಡಾನ್ ಪ್ರತಿ 3.8 ದಿನಕ್ಕೆ ಅರ್ಧ ಆಗುತ್ತದೆ. ಅದು ದಾರಿಯಲ್ಲಿ ತಡವಾದಷ್ಟೂ ಹೊರಗೆ ಬರುವುದು ಕಮ್ಮಿ. ಹಸಿ ಜೇಡಿಯಲ್ಲಿ ಅನಿಲ ತುಂಬಾ ನಿಧಾನ, ಒಣಗಿ ಬಿರಿದರೆ ದಾರಿ ಸಲೀಸು. ಮೇಲಿನ ಕಲ್ಲು ಗಾಳಿ, ಮಳೆಗೆ ಮಣ್ಣು ಕೊಚ್ಚಿಹೋಗದಂತೆ ಕಾಯುತ್ತದೆ.

“ಆಮೇಲೆ ಯಾರು ನೋಡ್ಕೋತಾರೆ ಸರ್?” ಅಂತ ಒಬ್ಬಳು ಕೇಳಿದಳು. ಅಲ್ಲಿ 1978ರ ಕಾಯ್ದೆ ಪ್ರಕಾರ ಇಂಥ ಮುಚ್ಚಿದ ಜಾಗಗಳ ಮೇಲೆ ಸರ್ಕಾರವೇ ಕಣ್ಣಿಡಬೇಕು. ಮುಚ್ಚಳ 1000 ವರ್ಷದವರೆಗೆ ಬಾಳುವಂತೆ, ಕಡೇಪಕ್ಷ 200 ವರ್ಷವಾದರೂ ನಿಲ್ಲುವಂತೆ ಕಟ್ಟಬೇಕು ಅನ್ನುವ ನಿಯಮವೂ ಇದೆ. ರೇಡಿಯಂನ 1600 ವರ್ಷದ ಲೆಕ್ಕವನ್ನು ಮಕ್ಕಳೇ ಪಕ್ಕದಲ್ಲಿ ಬರೆದು ನೋಡಿದರು. ನಮ್ಮ ಭಾಗದಲ್ಲಿ ಗಣಿ, ಘಟಕ ಅಂತ ಯಾರೇ ಬಂದರೂ ತಳಕ್ಕೇನು ಹಾಸುತ್ತೀರಿ, ಮೇಲೇನು ಮುಚ್ಚುತ್ತೀರಿ, ಕಂಪನಿ ಹೋದ ಮೇಲೆ ದುಡ್ಡು ಯಾರದು ಅಂತ ಮೊದಲ ದಿನವೇ ಕೇಳಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಇದನ್ನು ಮಾಡುವ ಶಿಕ್ಷಕರು ಒಂದು ವಿಷಯ ಬಿಡಿಸಿ ಹೇಳಲೇಬೇಕು. ಮೀಟರ್ ನೋಡಿದ ಊರಿನವರು ಬೋರ್‌ವೆಲ್ ನೀರು ಹಿಡಿದುಕೊಂಡು ಬರುತ್ತಾರೆ. ಟಿಡಿಎಸ್ ಮೀಟರ್ ಯುರೇನಿಯಂ ತೋರಿಸುವುದಿಲ್ಲ. ಕುಡಿಯುವ ನೀರಿನಲ್ಲಿ ಅದರ ಮಿತಿ ಲೀಟರಿಗೆ 30 ಮೈಕ್ರೋಗ್ರಾಂ. ಅಷ್ಟು ಸಣ್ಣ ಪ್ರಮಾಣ ಪತ್ತೆ ಹಚ್ಚಲು ಪ್ರಯೋಗಾಲಯವೇ ಬೇಕು. ನೀರು ಕುದಿಸಿದರೂ ಅದು ಹೋಗುವುದಿಲ್ಲ.