ಕರೆಂಟ್ ಮುಗಿಯಿತು, ಸ್ಕ್ಯಾನ್ ಯಾವಾಗ?

"ಬಾಯಿಗೆ ಒಂದು ತೊಟ್ಟೂ ಹಾಕಿಲ್ಲ ಸಿಸ್ಟರ್" ಎಂದು ನನ್ನ ಅಕ್ಕ ಪ್ರಮಾಣ ಮಾಡಿದಳು. ಸುಳ್ಳೇನಲ್ಲ. ಭಾವನಿಗೆ ಬಾಯಿಂದ ನುಂಗಲು ಆಗುತ್ತಲೇ ಇರಲಿಲ್ಲ. ಆದರೆ ಬೆಳಗಿನ ಜಾವ ಐದು ಗಂಟೆಗೆ ಮೂಗಿನ ನಳಿಕೆಯಲ್ಲಿ ಒಂದು ಲೋಟ ರಾಗಿ ಗಂಜಿ ಇಳಿದಿತ್ತು, ಬೆಲ್ಲ ಹಾಕಿದ್ದು. ಬೆರಳು ಚುಚ್ಚಿ ನೋಡಿದರೆ ಸಕ್ಕರೆ 240. ಹಾಸನದಿಂದ ಬೆಂಗಳೂರಿಗೆ ಹೋಗಿ ಲಾಡ್ಜಿನಲ್ಲಿ ಒಂದು ರಾತ್ರಿ ಕಳೆದವರು ಸ್ಕ್ಯಾನ್ ಆಗದೆ ವಾಪಸ್ ಬಂದೆವು.

ಅದಾದ ಮೇಲೆ ನಮ್ಮ ಹಾಸನ, ಅರಕಲಗೂಡು, ಸಕಲೇಶಪುರ ಕಡೆಯ ಏಳೆಂಟು ಮಂದಿಯ ಜೊತೆ ಇದೇ ಸ್ಕ್ಯಾನಿಗೆ, ಅಂದರೆ ಚಿಕಿತ್ಸೆಯ ಬಳಿಕ ಕ್ಯಾನ್ಸರ್ ಉಳಿದಿದೆಯೇ ಎಂದು ನೋಡುವ ಪೆಟ್-ಸಿಟಿಗೆ, ಹೋಗಿದ್ದೇನೆ. ಬಾಯಿ, ನಾಲಿಗೆ, ಗಂಟಲು, ಧ್ವನಿಪೆಟ್ಟಿಗೆಯ ಕ್ಯಾನ್ಸರ್‌ಗೆ ರೇಡಿಯೇಷನ್, ಅಂದರೆ ಜನ ಹೇಳುವ 'ಕರೆಂಟ್', ಕೊಡಿಸಿಕೊಂಡವರು. ಯಂತ್ರದೊಳಗೆ ಮಲಗುವುದು ಯಾರಿಗೂ ಕಷ್ಟವಾಗಲಿಲ್ಲ. ಎಡವಿದ್ದೆಲ್ಲ ಅದಕ್ಕೂ ಮೊದಲು.

ದಿನ ಎಣಿಸಿ

ಕೊನೆಯ ಕರೆಂಟ್ ಕೊಟ್ಟ ದಿನಾಂಕವನ್ನು ಡಿಸ್ಚಾರ್ಜ್ ಹಾಳೆಯಲ್ಲಿ ಹುಡುಕಿ ಕೆಂಪು ಶಾಯಿಯಲ್ಲಿ ಗುರುತು ಮಾಡಿ. ಎಣಿಕೆ ಶುರುವಾಗುವುದು ಅಲ್ಲಿಂದ. ಮೊದಲ ಕರೆಂಟಿನಿಂದಲೂ ಅಲ್ಲ, ಮನೆಗೆ ಬಂದ ದಿನದಿಂದಲೂ ಅಲ್ಲ. ಶಸ್ತ್ರಚಿಕಿತ್ಸೆ ಇಲ್ಲದೆ ರೇಡಿಯೇಷನ್ ಮತ್ತು ಕೀಮೋ ಪಡೆದವರಿಗೆ ಸಾಮಾನ್ಯವಾಗಿ 7 ವಾರಗಳಲ್ಲಿ 35 ಸಲ ಕರೆಂಟ್ ಕೊಟ್ಟಿರುತ್ತಾರೆ. ಅಂಥವರ ಮೊದಲ ಪೆಟ್-ಸಿಟಿ ಸ್ಕ್ಯಾನ್ ಮಾಡುವುದು ಅದು ಮುಗಿದ ಸುಮಾರು 12 ವಾರಗಳ ಬಳಿಕ. ಎಂದರೆ 84 ದಿನ. ಪಂಚಾಂಗದ ಮೇಲೆ ಬರೆದು ತೂಗುಹಾಕಿ.

ಆರನೇ ವಾರಕ್ಕೇ ಓಡುವವರು ಇದ್ದಾರೆ. ಕುತ್ತಿಗೆಯ ಗಂಟು ಇನ್ನೂ ಕೈಗೆ ಸಿಗುತ್ತಿದೆ ಎಂಬ ಭಯ ಅವರದು. ರೇಡಿಯೇಷನ್ ಬಿದ್ದ ಜಾಗ ವಾರಗಟ್ಟಲೆ ಒಳಗೊಳಗೇ ಉರಿಯುತ್ತಿರುತ್ತದೆ. ಆ ಉರಿಯೂತವೂ ಸ್ಕ್ಯಾನಿನಲ್ಲಿ ಕ್ಯಾನ್ಸರ್‌ನಂತೆಯೇ ಹೊಳೆಯುತ್ತದೆ. ಸತ್ತ ಗಂಟು ಕರಗುವುದಕ್ಕೂ ತಿಂಗಳುಗಳು ಬೇಕು. ಬೇಗ ಮಾಡಿಸಿದ ಸ್ಕ್ಯಾನ್ ನಿದ್ದೆ ಕೆಡಿಸುತ್ತದೆ, ಕೆಲವೊಮ್ಮೆ ಬೇಡದ ಬಯಾಪ್ಸಿಗೂ, ಅಂದರೆ ತುಣುಕು ಕತ್ತರಿಸಿ ತೆಗೆದು ಪರೀಕ್ಷಿಸುವುದಕ್ಕೂ, ಎಳೆದೊಯ್ಯುತ್ತದೆ. ಕರೆಂಟ್ ಬಿದ್ದ ಅಂಗಾಂಶದಲ್ಲಿ ಗಾಯ ಬೇಗ ಮಾಯುವುದಿಲ್ಲ. 12 ವಾರ ಕಾಯುವುದಕ್ಕೆ ಆಧಾರವೂ ಇದೆ. ಬ್ರಿಟನ್‌ನಲ್ಲಿ 564 ರೋಗಿಗಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅರ್ಧದಷ್ಟು ಮಂದಿಗೆ ಕುತ್ತಿಗೆಯ ಗಂಟುಗಳನ್ನು ತೆಗೆಯುವ ಶಸ್ತ್ರಚಿಕಿತ್ಸೆಯನ್ನು ಮೊದಲೇ ನಿಗದಿ ಮಾಡಿದ್ದರು. ಉಳಿದವರಿಗೆ 12 ವಾರದ ಪೆಟ್-ಸಿಟಿ ನೋಡಿ, ಅಗತ್ಯವಿದ್ದರಷ್ಟೇ ಶಸ್ತ್ರಚಿಕಿತ್ಸೆ. ಮೊದಲ ಗುಂಪಿನಲ್ಲಿ 221 ಶಸ್ತ್ರಚಿಕಿತ್ಸೆಗಳಾದರೆ ಎರಡನೆಯದರಲ್ಲಿ 54. ಬದುಕುಳಿದವರ ಪ್ರಮಾಣ ಎರಡನೆಯ ಗುಂಪಿನಲ್ಲಿ ಕಡಿಮೆಯಾಗಲಿಲ್ಲ.

ಆದರೆ ರಕ್ತ ಬಂದರೆ, ಉಸಿರು ಕಟ್ಟಿದರೆ, ಗಂಟು ದಿನದಿಂದ ದಿನಕ್ಕೆ ದೊಡ್ಡದಾದರೆ 84ನೇ ದಿನಕ್ಕೆ ಕಾಯಬೇಡಿ, ಅಂದೇ ಆಸ್ಪತ್ರೆಗೆ ಹೋಗಿ. ಶಸ್ತ್ರಚಿಕಿತ್ಸೆಯ ಬಳಿಕ ರೇಡಿಯೇಷನ್ ಪಡೆದವರಿಗೆ ಪೆಟ್ ಬದಲು ಸಿಟಿ ಅಥವಾ ಎಂಆರ್‌ಐ ಬರೆಯಬಹುದು. ಯಾವ ಸ್ಕ್ಯಾನ್ ಎಂಬುದು ನಿಮ್ಮ ಡಾಕ್ಟರಿಗೆ ಬಿಟ್ಟದ್ದು, ಎದುರು ಮನೆಯವರಿಗೆ ಯಾವುದು ಮಾಡಿದರು ಎಂಬುದಕ್ಕಲ್ಲ.

ಹಳೆಯ ಸ್ಕ್ಯಾನ್, ರಕ್ತಪರೀಕ್ಷೆ, ಮೂಗುತಿ

ಚಿಕಿತ್ಸೆಗೆ ಮೊದಲು ತೆಗೆದ ಸ್ಕ್ಯಾನಿನ ಸಿಡಿ ಹುಡುಕಿ. ಮೊದಲು ರೋಗ ಎಲ್ಲಿತ್ತು ಎಂದು ಗೊತ್ತಿಲ್ಲದೆ ಈಗ ಹೋಗಿದೆಯೋ ಇಲ್ಲವೋ ಎಂದು ಹೇಳುವುದು ಎಂಥ ತಜ್ಞರಿಗೂ ಕಷ್ಟ. ಫಿಲ್ಮನ್ನು ಕಿಟಕಿಗೆ ಹಿಡಿದು ಮೊಬೈಲಿನಲ್ಲಿ ತೆಗೆದ ಫೋಟೊ ಯಾವ ಕೆಲಸಕ್ಕೂ ಬರುವುದಿಲ್ಲ. ಸಿಡಿ ಕಳೆದಿದ್ದರೆ ಮೊದಲು ಸ್ಕ್ಯಾನ್ ಮಾಡಿದ ಕಡೆ ಕೇಳಿ, ಪೆನ್‌ಡ್ರೈವ್‌ಗೆ ಹಾಕಿಸಿಕೊಳ್ಳಿ. ಸಾಧ್ಯವಾದರೆ ಈ ಸಲವೂ ಅದೇ ಕೇಂದ್ರಕ್ಕೆ ಹೋಗಿ. ಬೇರೆ ಕಡೆ ಸಾವಿರ ರೂಪಾಯಿ ಕಡಿಮೆ ಎಂದು ಅಲೆಯುವುದು ನನಗೆ ಹಿಡಿಸದ ಲೆಕ್ಕಾಚಾರ.

ಮೂತ್ರಪಿಂಡದ ಸ್ಥಿತಿ ಹೇಳುವ ಕ್ರಿಯಾಟಿನಿನ್ ರಕ್ತಪರೀಕ್ಷೆಯನ್ನು ಊರಿನಲ್ಲೇ ಮಾಡಿಸಿಕೊಂಡು ಹೊರಡಿ. ಸಿಸ್‌ಪ್ಲಾಟಿನ್ ಎಂಬ ಕೀಮೋ ಔಷಧಿ ಪಡೆದವರ ಮೂತ್ರಪಿಂಡ ಸೊರಗಿರಬಹುದು. ಆ ಅಂಕಿ ಇಲ್ಲದೆ ಸಿಟಿ ಚಿತ್ರ ಸ್ಪಷ್ಟವಾಗಲೆಂದು ರಕ್ತನಾಳಕ್ಕೆ ಕೊಡುವ ಕಾಂಟ್ರಾಸ್ಟ್ ಔಷಧಿ ಹಾಕುವುದಿಲ್ಲ, ಅರ್ಧ ದಿನ ಅದಕ್ಕೇ ಹೋಗುತ್ತದೆ. ಸರ್ಕಾರದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಚಿಕಿತ್ಸೆ ಪಡೆದಿದ್ದರೆ, ಈ ಸ್ಕ್ಯಾನ್ ಅದರಲ್ಲಿ ಸೇರುತ್ತದೆಯೇ ಎಂದು ದಿನಾಂಕ ಗೊತ್ತುಮಾಡುವ ಮೊದಲೇ ಆಸ್ಪತ್ರೆಯಲ್ಲಿ ಯೋಜನೆಯ ಕೆಲಸ ನೋಡುವ ಆರೋಗ್ಯಮಿತ್ರರನ್ನು ಕೇಳಿ.

ಮೂಗುತಿ, ಓಲೆ, ತೆಗೆದಿಡಬಹುದಾದ ಹಲ್ಲಿನ ಸೆಟ್ಟು ಎಲ್ಲ ಕುತ್ತಿಗೆಯ ಚಿತ್ರವನ್ನು ಕೆಡಿಸುತ್ತವೆ. ಎಂಆರ್‌ಐ ಆದರೆ ಲೋಹದೊಂದಿಗೆ ಒಳಗೇ ಬಿಡುವುದಿಲ್ಲ. ಮದುವೆಯಲ್ಲಿ ಹಾಕಿದ ಮೂಗುತಿ ನಲವತ್ತು ವರ್ಷದ ನಂತರ ಸ್ಕ್ಯಾನ್ ಕೋಣೆಯ ಬಾಗಿಲಲ್ಲಿ ಸೋಪಿನ ನೀರಿಗೆ ಬಗ್ಗುವುದಿಲ್ಲ. ಎರಡು ದಿನ ಮೊದಲೇ ಅಕ್ಕಸಾಲಿಗರ ಬಳಿ ಬಿಚ್ಚಿಸಿ.

ಹಿಂದಿನ ದಿನ

ಕೆಡುವುದು ಇಲ್ಲಿಯೇ, ಆದ್ದರಿಂದ ನಿಧಾನವಾಗಿ ಓದಿ. ಪೆಟ್ ಸ್ಕ್ಯಾನಿಗೆ ಚುಚ್ಚುವ ಎಫ್‌ಡಿಜಿ ಎಂಬುದು ಸಕ್ಕರೆಯ ಸೋದರ. ಅದರ ಬೆನ್ನಿಗೆ ವಿಕಿರಣ ಸೂಸುವ ಫ್ಲೋರಿನ್ ಕಟ್ಟಿರುತ್ತಾರೆ. ಕ್ಯಾನ್ಸರ್ ಕೋಶ ಸಕ್ಕರೆಗೆ ಹಸಿದದ್ದು, ಹೆಚ್ಚು ಹೀರುತ್ತದೆ, ಹೊಳೆಯುತ್ತದೆ. ರಕ್ತದಲ್ಲಿ ಮೊದಲೇ ಸಕ್ಕರೆ ತುಂಬಿದ್ದರೆ ಎಫ್‌ಡಿಜಿ ಒಳಗೆ ಹೋಗಲು ಜಾಗವಿಲ್ಲ. ತಿಂದ ಮೇಲೆ ಇನ್ಸುಲಿನ್ ಏರಿದರೆ ಅದಷ್ಟನ್ನೂ ಸ್ನಾಯುಗಳು ಎಳೆದುಕೊಳ್ಳುತ್ತವೆ. ಎರಡರಲ್ಲೂ ಚಿತ್ರ ಮಂಕು.

ಹಾಗಾಗಿ ಚುಚ್ಚುಮದ್ದಿಗೆ ಮೊದಲು ಕನಿಷ್ಠ 6 ಗಂಟೆ ಉಪವಾಸ, ಬರೀ ನೀರು ಮಾತ್ರ. ನಳಿಕೆಯಲ್ಲಿ ಹೋಗುವುದೂ ಊಟವೇ, ಹೊಟ್ಟೆಗೆ ನೇರವಾಗಿ ಕೂರಿಸಿದ ನಳಿಕೆಯಾದರೂ ಅಷ್ಟೇ: ಗಂಜಿ, ಹಾಲು, ಪುಡಿ ಕಲಸಿದ ಪೌಷ್ಟಿಕ ಪೇಯ ಯಾವುದೂ ಬೇಡ. ಕಾಫಿ ಬೇಡ, ಕಾಫಿ ನಾಡಿನವರಿಗೆ ಇದನ್ನು ಎರಡು ಸಲ ಹೇಳಬೇಕು, ಸಕ್ಕರೆ ಇಲ್ಲದ ಕಾಫಿಯೂ ಬೇಡ. ಕರೆಂಟಿನಿಂದ ಬಾಯಿ ಒಣಗುತ್ತದೆಯೆಂದು ಅನೇಕರು ದವಡೆಯಲ್ಲಿ ಕಲ್ಲುಸಕ್ಕರೆ ಇಟ್ಟುಕೊಂಡಿರುತ್ತಾರೆ, ಗಂಟೆಗೊಮ್ಮೆ ಜೇನುನೀರು ಕುಡಿಯುತ್ತಾರೆ. ಇಟ್ಟುಕೊಂಡದ್ದು ಅವರಿಗೇ ಮರೆತುಹೋಗಿರುತ್ತದೆ, ಕೇಳಿ ತೆಗೆಸಿ. ಕೆಮ್ಮಿನ ಸಿರಪ್ಪಿನಲ್ಲಿ ಸಕ್ಕರೆ ಇರುತ್ತದೆ. 'ಶುಗರ್ ಫ್ರೀ' ಎಂದು ಬರೆದ ಚೂಯಿಂಗ್ ಗಮ್ ಇನ್ನೂ ಮೋಸ: ಸಕ್ಕರೆ ಇಲ್ಲದಿದ್ದರೂ ಅಗಿಯುವ ದವಡೆಯ ಸ್ನಾಯುಗಳು ಎಫ್‌ಡಿಜಿಯನ್ನು ಕುಡಿದು, ರೋಗ ಹುಡುಕುವ ಜಾಗದ ಪಕ್ಕದಲ್ಲೇ ಬೆಳಗುತ್ತವೆ. ಎಲೆ-ಅಡಿಕೆ, ಕಡ್ಡಿಪುಡಿಯ ಮಾತು ಎತ್ತಲೇ ಬಾರದು. ಚಿಕಿತ್ಸೆ ಮುಗಿದ ಮೇಲೂ ಅದು ನಡೆಯುತ್ತಿದ್ದರೆ ಸ್ಕ್ಯಾನಿಗಿಂತ ಮೊದಲು ಮಾತಾಡಬೇಕಾದ ವಿಷಯ ಬೇರೆ ಇದೆ.

ಮತ್ತೊಂದು, ಸುಸ್ತಿಗೆ ಹಾಕಿಸುವ ಡ್ರಿಪ್. ಪ್ರಯಾಣಕ್ಕೆ ತ್ರಾಣ ಬರಲೆಂದು ಹಿಂದಿನ ರಾತ್ರಿ ಊರಿನ ಕ್ಲಿನಿಕ್ಕಿನಲ್ಲಿ ಬಾಟಲಿ ಏರಿಸಿಕೊಂಡು ಹೊರಡುವವರಿದ್ದಾರೆ. ಆ ಬಾಟಲಿಯಲ್ಲಿ ಇರುವುದು ಬಹುಮಟ್ಟಿಗೆ ಗ್ಲೂಕೋಸೇ.

ಮಧುಮೇಹ ಇದ್ದವರು ಮಾತ್ರೆ, ಇನ್ಸುಲಿನ್ ಬಗ್ಗೆ ಸ್ಕ್ಯಾನ್ ಕೇಂದ್ರಕ್ಕೆ ಮೊದಲೇ ಫೋನ್ ಮಾಡಿ. ಸಕ್ಕರೆ 200 ದಾಟಿದರೆ ಸಾಮಾನ್ಯವಾಗಿ ಸ್ಕ್ಯಾನ್ ಮುಂದೂಡುತ್ತಾರೆ. ಅಂಕಿ ಇಳಿಸಲೆಂದು ಬಾಗಿಲಲ್ಲಿ ನಿಂತು ಇನ್ಸುಲಿನ್ ಚುಚ್ಚಿಕೊಂಡರೆ ಅಂಕಿ ಇಳಿಯುತ್ತದೆ, ಎಫ್‌ಡಿಜಿ ಸ್ನಾಯುವಿಗೆ ಹೋಗುತ್ತದೆ.

ಹಿಂದಿನ 24 ಗಂಟೆ ಮೈಮುರಿಯುವ ಕೆಲಸವಿಲ್ಲ. ಡಿಸೆಂಬರ್–ಜನವರಿಯ ಕಾಫಿ ಕೊಯ್ಲಿನಲ್ಲಿ ಇದನ್ನು ಯಾರೂ ಕೇಳುವುದಿಲ್ಲ. ಸಕಲೇಶಪುರದ ತೋಟದಿಂದ ಬಂದವರೊಬ್ಬರ ಸ್ಕ್ಯಾನಿನಲ್ಲಿ ಎರಡೂ ಭುಜ ದೀಪದಂತೆ ಉರಿದಿದ್ದವು, ಹಿಂದಿನ ದಿನ ಇಡೀ ಅವರು ಮೂಟೆ ಹೊತ್ತಿದ್ದರು. ಬೆಳಿಗ್ಗೆ ಮೆಜೆಸ್ಟಿಕ್‌ನಲ್ಲಿ ಇಳಿದು ಚೀಲ ಹೊತ್ತು ನಡೆಯುವುದೂ ಇದೇ ಲೆಕ್ಕಕ್ಕೆ ಸೇರುತ್ತದೆ. ಹಿಂದಿನ ಸಂಜೆಯೇ ತಲುಪಿ. 2017ರಲ್ಲಿ ಶ್ರವಣಬೆಳಗೊಳ, ಕುಣಿಗಲ್ ಮಾರ್ಗ ತೆರೆದ ಮೇಲೆ ಹಾಸನದವರಿಗೆ ರೈಲೇ ಸುಖ. ಕ್ಯಾನ್ಸರ್ ರೋಗಿಗೂ ಜೊತೆಗಾರರಿಗೂ ರೈಲ್ವೆ ರಿಯಾಯಿತಿ ಇದೆ, ಆಸ್ಪತ್ರೆಯವರು ಸಹಿ ಮಾಡಿದ ನಮೂನೆ ಬೇಕು.

ಚಳಿಯನ್ನೂ ಲಘುವಾಗಿ ನೋಡಬೇಡಿ. ಮೈ ಚಳಿಗೆ ನಡುಗಿದಾಗ ಕುತ್ತಿಗೆ, ಹೆಗಲಿನಲ್ಲಿರುವ ಕಂದು ಕೊಬ್ಬು ಶಾಖಕ್ಕಾಗಿ ಸಕ್ಕರೆ ಸುಡುತ್ತದೆ, ಅದೂ ಸ್ಕ್ಯಾನಿನಲ್ಲಿ ಹೊಳೆಯುತ್ತದೆ. ಮಂಜಿನಲ್ಲಿ ಬಸ್ಸಿನ ಕಿಟಕಿ ಪಕ್ಕ ಕೂರಬೇಡಿ. ಸ್ಕ್ಯಾನ್ ಕೇಂದ್ರದ ಎಸಿಯಂತೂ ಮುಳ್ಳಯ್ಯನಗಿರಿಯ ಗಾಳಿಗೆ ಸಮ. ಕಂಬಳಿ ಕೈಯಲ್ಲಿರಲಿ.

ಆ ಒಂದು ಗಂಟೆ

ಚುಚ್ಚುಮದ್ದು ಕೊಟ್ಟ ಮೇಲೆ ಸುಮಾರು ಒಂದು ಗಂಟೆ ಮಲಗಿಸುತ್ತಾರೆ. ಇದು ವಿಶ್ರಾಂತಿಯ ಹೆಸರಿನ ಕೆಲಸ. ಮಾತು ಬೇಡ, ಫೋನ್ ಬೇಡ, ಅಗಿಯುವುದು ಬೇಡ. ಮಾತನಾಡಿದರೆ ಧ್ವನಿಪೆಟ್ಟಿಗೆಯ ಸ್ನಾಯುಗಳು ಬೆಳಗುತ್ತವೆ. ಒಂದು ಧ್ವನಿತಂತು ಸೋತಿದ್ದರೆ ಎಲ್ಲ ಭಾರ ಇನ್ನೊಂದರ ಮೇಲೆ ಬಿದ್ದು ಆ ಒಂದೇ ಬದಿ ಹೊಳೆಯುತ್ತದೆ. ನೋಡಿದವರಿಗೆ ಅಲ್ಲಿ ಗಡ್ಡೆ ಇದೆಯೇನೋ ಎನಿಸುತ್ತದೆ. ನಮ್ಮವರಿಗೆ ಪಕ್ಕದ ಹಾಸಿಗೆಯವರು ಯಾವ ಊರಿನವರೆಂದು ಕೇಳದೆ ಇರಲಾಗುವುದಿಲ್ಲ. ಬೇಲೂರಿನವರು ಎಂದು ತಿಳಿದರೆ ಮುಗಿಯಿತು, ಅರ್ಧ ಗಂಟೆ ಸಂಬಂಧ ಹುಡುಕುವುದರಲ್ಲೇ ಕಳೆಯುತ್ತದೆ. ಫೋನನ್ನು ನೀವು ಇಟ್ಟುಕೊಳ್ಳಿ, ನೀವು ಹೊರಗಿರಿ.

ಹೊರಗಿರಲು ಇನ್ನೊಂದು ಕಾರಣವೂ ಇದೆ: ಆಗ ಅವರ ಮೈ ವಿಕಿರಣ ಸೂಸುತ್ತಿರುತ್ತದೆ. ಈ ಫ್ಲೋರಿನ್ ಸುಮಾರು 110 ನಿಮಿಷಕ್ಕೊಮ್ಮೆ ಅರ್ಧಕ್ಕೆ ಇಳಿಯುತ್ತದೆ. ಔಷಧಿಯನ್ನು ಆ ದಿನಕ್ಕೆಂದೇ ತರಿಸುವುದೂ ಅದಕ್ಕೇ, ನೀವು ತಡವಾದರೆ ಅದು ಕಾಯುವುದಿಲ್ಲ. ಸ್ಕ್ಯಾನಿಗೆ ಮೊದಲು ಮೂತ್ರ ಮಾಡಿ ಬರಲಿ. ಯಂತ್ರದಲ್ಲಿ ಇಪ್ಪತ್ತು–ಮೂವತ್ತು ನಿಮಿಷ, ಅಷ್ಟೇ. ಆಮೇಲೆ ಧಾರಾಳವಾಗಿ ನೀರು ಕುಡಿಸಿ. ಆ ದಿನವಿಡೀ ಗರ್ಭಿಣಿಯರಿಂದ, ಎಳೆಮಕ್ಕಳಿಂದ ದೂರವಿರಲಿ. ಮೊಮ್ಮಗುವನ್ನು ಎತ್ತುವುದು ಮರುದಿನ.

ವರದಿ ಬಂದ ಮೇಲೆ

ಎಲ್ಲರೂ ಮೊದಲು ಹುಡುಕುವುದು ಎಸ್‌ಯುವಿ ಎಂಬ ಅಂಕಿ, ಆ ಜಾಗ ಎಫ್‌ಡಿಜಿಯನ್ನು ಎಷ್ಟು ಹೀರಿತು ಎಂಬುದರ ಅಳತೆ, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ನೋಡಿದಂತೆ. ಅದು ಯಂತ್ರ, ಸಕ್ಕರೆ, ಮಲಗಿದ ಸಮಯ ಎಲ್ಲಕ್ಕೂ ಬದಲಾಗುತ್ತದೆ. ಒಂದು ಕೇಂದ್ರದ 4ನ್ನೂ ಇನ್ನೊಂದರ 5ನ್ನೂ ಪಕ್ಕಪಕ್ಕ ಇಟ್ಟು ರೋಗ ಏರಿತು ಎನ್ನಬೇಡಿ. 'ಅನುಮಾನಾಸ್ಪದ' ಎಂಬರ್ಥದ ಮಾತು ಇದ್ದರೆ ಅದು ತೀರ್ಪಲ್ಲ. ಗಂಟಲಿನೊಳಗೆ ದುರ್ಬೀನು ಹಾಕಿ ನೋಡಬಹುದು, ಗಂಟಿನಿಂದ ಸೂಜಿಯಲ್ಲಿ ಮಾದರಿ ತೆಗೆಯಬಹುದು ಅಥವಾ ಕೆಲಕಾಲ ಬಿಟ್ಟು ಮತ್ತೆ ಸ್ಕ್ಯಾನ್ ಮಾಡಬಹುದು.

ವರದಿ ಸ್ವಚ್ಛವಾಗಿ ಬಂದವರೇ ಮುಂದಿನ ತಪ್ಪು ಮಾಡುತ್ತಾರೆ: ಕೆಲವರು ಮೂರು ತಿಂಗಳಿಗೊಮ್ಮೆ ಪೆಟ್ ಮಾಡಿಸುತ್ತೇವೆ ಎನ್ನುತ್ತಾರೆ, ಉಳಿದವರು ಆಸ್ಪತ್ರೆಯ ಕಡೆ ತಲೆಯೇ ಹಾಕುವುದಿಲ್ಲ. ತೊಂದರೆ ಇಲ್ಲದವರಿಗೆ ಪದೇ ಪದೇ ಪೆಟ್ ಬೇಕಿಲ್ಲ. ಬೇಕಾದದ್ದು ಡಾಕ್ಟರ ಕೈ ಮತ್ತು ಕಣ್ಣು: ಮೊದಲ ವರ್ಷ ಒಂದರಿಂದ ಮೂರು ತಿಂಗಳಿಗೊಮ್ಮೆ, ಎರಡನೆಯ ವರ್ಷ ಎರಡರಿಂದ ಆರು ತಿಂಗಳಿಗೊಮ್ಮೆ, ಐದು ವರ್ಷದವರೆಗೆ ಇನ್ನಷ್ಟು ಅಂತರದಲ್ಲಿ. ಮರುಕಳಿಸುವ ರೋಗ ಹೆಚ್ಚಾಗಿ ಮೊದಲ ಎರಡು ವರ್ಷದಲ್ಲೇ ತಲೆಯೆತ್ತುತ್ತದೆ. ಕುತ್ತಿಗೆಗೆ ಕರೆಂಟ್ ಬಿದ್ದಿದ್ದರೆ ಆರರಿಂದ ಹನ್ನೆರಡು ತಿಂಗಳಿಗೊಮ್ಮೆ ಥೈರಾಯ್ಡ್ ಸೊರಗಿದೆಯೇ ಎಂದು ನೋಡುವ ಟಿಎಸ್‌ಎಚ್ ರಕ್ತಪರೀಕ್ಷೆ, ಇದು ಹಾಸನದಲ್ಲೇ ಆಗುತ್ತದೆ. ಹಲ್ಲು ನೋಯುತ್ತದೆ ಎಂದು ರೇಡಿಯೇಷನ್ ಡಾಕ್ಟರನ್ನು ಕೇಳದೆ ಕೀಳಿಸಿಬಿಡಬೇಡಿ. ಕರೆಂಟ್ ಬಿದ್ದ ದವಡೆಯ ಮೂಳೆ ಆ ಗಾಯ ಮುಚ್ಚದೆ ಕೊಳೆಯಬಹುದು, ವರ್ಷಗಳ ಮೇಲೂ.