ಮೊದಲ ರಿಪೋರ್ಟ್ ನಂಬಿ ಕೆಟ್ಟೆ

ನಾಯಿಗಳು ಅಟ್ಟಿಸಿಕೊಂಡು ಬಂದ ಹೆಣ್ಣು ಚುಕ್ಕೆ ಜಿಂಕೆಯೊಂದು ತೋಟದ ತಂತಿಬೇಲಿಗೆ ಸಿಕ್ಕಿಕೊಂಡಿತ್ತು. ನಾನು ಮುಟ್ಟುವಷ್ಟರಲ್ಲಿ ಊರಿನವರು ಬಿಡಿಸಿ, ಗೋಣಿಚೀಲ ಹೊದಿಸಿ ಅದುಮಿ ಹಿಡಿದಿದ್ದರು. ಎರಡು ಗೀರು ಬಿಟ್ಟರೆ ಗಾಯವಿಲ್ಲ. ಕುತ್ತಿಗೆಯ ನಾಳದಿಂದ ರಕ್ತ ತೆಗೆದೆ. ಸ್ನಾಯು ಹಾಳಾದಾಗ ರಕ್ತದಲ್ಲಿ ಏರುವ ಎರಡು ಕಿಣ್ವ, ಸಿಕೆ ಮತ್ತು ಎಎಸ್‌ಟಿ, ನೋಡಿಸಿದ್ದೆ. ಸಂಜೆ ರಿಪೋರ್ಟ್ ಬಂತು: ಸಿಕೆ ನೂರರ ಲೆಕ್ಕದಲ್ಲಿತ್ತು, ಅಂದರೆ ಕಡಿಮೆಯೇ, ಎಎಸ್‌ಟಿಯೂ ತೀರಾ ಹೆಚ್ಚಿರಲಿಲ್ಲ. ಸದ್ಯ, ಬಚಾವಾಯ್ತು ಅಂದುಕೊಂಡೆ. ಮೂರನೇ ದಿನ ಬೆಳಿಗ್ಗೆ ಹಿಂಗಾಲು ಸೆಟೆದು ಮಲಗಿತ್ತು, ಮೂತ್ರ ಕಾಫಿ ಡಿಕಾಕ್ಷನ್ ಬಣ್ಣ. ಮಧ್ಯಾಹ್ನಕ್ಕೆ ಸತ್ತಿತು.

ಅಟ್ಟಿಸಿ ಹಿಡಿದ ಜಿಂಕೆಯ ಸ್ನಾಯು ಹೀಗೆ ಒಳಗೇ ಒಡೆದು, ಅದರ ಬಣ್ಣ ಮೂತ್ರಕ್ಕೆ ಇಳಿಯುತ್ತದೆ; ಇದನ್ನು ಕ್ಯಾಪ್ಚರ್ ಮಯೋಪತಿ ಅನ್ನುತ್ತಾರೆ. ರಿಪೋರ್ಟ್ ನಂಬಿದ ತಪ್ಪು ನನ್ನದೇ. ಸಿಕೆ ಇರುವುದು ಸ್ನಾಯುವಿನ ಕೋಶದೊಳಗೆ. ಕೋಶ ಒಡೆದ ಮೇಲೆ ಅದು ರಕ್ತಕ್ಕೆ ಸೋರಿ ಏರಲು ಕೆಲವು ಗಂಟೆ ಬೇಕು. ನಾನು ರಕ್ತ ತೆಗೆದದ್ದು ಓಟ ನಿಂತು ಅರ್ಧ ಗಂಟೆಯೂ ಆಗಿರದಾಗ. ಟ್ಯೂಬಿನ ಮೇಲೆ ತಾರೀಖು ಬರೆದಿದ್ದೆ, ಗಂಟೆ ಬರೆದಿರಲಿಲ್ಲ. ಈಗ ಓಡಿಸಿದ್ದು ಎಷ್ಟು ಹೊತ್ತಿಗೆ, ರಕ್ತ ತೆಗೆದದ್ದು ಎಷ್ಟು ಹೊತ್ತಿಗೆ, ಎರಡನ್ನೂ ಬರೆಯದೆ ಟ್ಯೂಬನ್ನು ಪೆಟ್ಟಿಗೆಗೆ ಇಡುವುದಿಲ್ಲ.

ಸಿಕೆ ಬೇಗ ಏರಿ ಬೇಗ ಇಳಿಯುತ್ತದೆ, ಎಎಸ್‌ಟಿ ನಿಧಾನ. ಸಿಕೆ ಇಳಿದು ಎಎಸ್‌ಟಿ ಇನ್ನೂ ಮೇಲಿದ್ದರೆ ಪೆಟ್ಟು ಹಳೆಯದು. ಸಿಕೆ ಇಳಿಯದೇ ನಿಂತರೆ ಸ್ನಾಯು ಇನ್ನೂ ಹಾಳಾಗುತ್ತಿದೆ ಎಂದು ಹೆದರುತ್ತೇನೆ. ಎಎಸ್‌ಟಿ ಯಕೃತ್ತಿನಲ್ಲೂ ಇರುವುದರಿಂದ ಅದೊಂದನ್ನೇ ನೋಡಿ ಏನೂ ಹೇಳಲಾರೆ. ಅರಿವಳಿಕೆಯ ಡಾರ್ಟ್ ತೊಡೆಗೆ ಚುಚ್ಚಿದರೂ ಸಿಕೆ ಸ್ವಲ್ಪ ಏರುತ್ತದೆ. ಆ ಪಾಲು ನನ್ನ ಲೆಕ್ಕಕ್ಕೆ!

ಎಲ್‌ಡಿಎಚ್ ಎಂಬ ಇನ್ನೊಂದು ಕಿಣ್ವದ ಮೇಲೆ ನನಗೆ ಅಷ್ಟು ಭರವಸೆಯಿಲ್ಲ. ಕೆಂಪು ರಕ್ತಕಣ ಒಡೆದರೂ ಅದು ಏರುತ್ತದೆ. ಸಣ್ಣ ಸೂಜಿ ಹಾಕಿ ಸಿರಿಂಜ್ ಜಗ್ಗಿ ಎಳೆದರೆ, ಕಾಡುದಾರಿಯಲ್ಲಿ ಟ್ಯೂಬ್ ಕುಲುಕಿದರೆ ಸೀರಮ್, ಅಂದರೆ ರಕ್ತದ ಮೇಲಿನ ತಿಳಿ, ಗುಲಾಬಿಯಾಗಿ ಕೂತಿರುತ್ತದೆ. ಅಂಥದ್ದನ್ನು ಲ್ಯಾಬಿಗೇ ಕಳಿಸುವುದಿಲ್ಲ. ಜೀಪಿನ ಬ್ಯಾಟರಿಗೆ ಸಿಕ್ಕಿಸುವ ಪುಟ್ಟ ಸೆಂಟ್ರಿಫ್ಯೂಜ್ (ಟ್ಯೂಬ್ ತಿರುಗಿಸಿ ಸೀರಮ್ ಬೇರ್ಪಡಿಸುವ ಯಂತ್ರ) ಇಟ್ಟುಕೊಂಡ ಮೇಲೆ ಈ ಕಾಟ ಕಡಿಮೆಯಾಗಿದೆ.

ಮೊದಲ ರಿಪೋರ್ಟ್ ನಂಬಲಾಗದು ಅಂತ ಮರುದಿನ ಎಲ್ಲ ಜಿಂಕೆಗಳನ್ನೂ ಮತ್ತೆ ಹಿಡಿದು ರಕ್ತ ತೆಗೆಯಲಾಗುವುದಿಲ್ಲ. ಎರಡನೇ ಸಲ ಹಿಡಿಯುವುದೇ ಇನ್ನೊಂದು ಪೆಟ್ಟು. ಡ್ರಿಪ್ ಹಾಕಲು ಹೇಗೂ ಹಿಡಿಯಲೇಬೇಕಾದವುಗಳಿಂದ ಮಾತ್ರ, ಕಣ್ಣಿಗೆ ಬಟ್ಟೆ ಕಟ್ಟಿ, ಎದೆ ನೆಲಕ್ಕೆ ತಾಗುವಂತೆ ಕೂರಿಸಿ, ಯಾರೂ ಮಾತಾಡದಂತೆ ನೋಡಿಕೊಂಡು ತೆಗೆಯುತ್ತೇನೆ. ಉಳಿದವುಗಳಿಗೆ ಕೊಟ್ಟಿಗೆಯಲ್ಲಿ ಬಿಳಿ ಗೋಣಿ ಹಾಸಿ, ಬೆಳಿಗ್ಗೆ ಅದರ ಮೇಲಿನ ಮೂತ್ರದ ಕಲೆಯ ಬಣ್ಣ ನೋಡುತ್ತೇನೆ.